ನಿಂಬೆಹಣ್ಣು ದಾಟಿದ ಕಾರು

ಪರದೇಶಕ್ಕೆ ಹೋಗಿ ಬಂದ ಹೆಂಗಸನ್ನು ಕಂಡರೆ ನಮ್ಮ ಚಾಮರಾಜಪೇಟೆಯ ಜನಕ್ಕೆ ಏನಾಗುತ್ತದೋ ಗೊತ್ತಿಲ್ಲ, ಒಬ್ಬರಾದ ಮೇಲೆ ಒಬ್ಬರು ಬಂದು ತಲೆ ತಿಂದು ಹೋಗುತ್ತಾರೆ. ಮಸ್ಕತ್‌ನಲ್ಲಿ ಒಂದು ವರ್ಷ ಇದ್ದು, ಈ ನವರಾತ್ರಿಗೆ ಮಗಳನ್ನು ಕರೆದುಕೊಂಡು ಅತ್ತೆ ಮನೆಗೆ ಬಂದೆ. ಗಂಡನಿಗೆ ರಜ ಸಿಗಲಿಲ್ಲ. ಅವರು ಅಲ್ಲಿ ಏಸಿ ಮೆಕ್ಯಾನಿಕ್. ಸೆಖೆ ಇರುವ ತನಕ ಅವರಿಗೆ ರಜ ಇಲ್ಲ, ಅಲ್ಲಿ ಸೆಖೆ ಇಲ್ಲದ ದಿನ ಇಲ್ಲ.

ಬಂದಾಗಿನಿಂದ ಎಲ್ಲರದ್ದೂ ಒಂದೇ ಪ್ರಶ್ನೆ. "ಒಂದು ವರ್ಷದಲ್ಲಿ ಏನು ಸಾಧಿಸಿದೆ?" ನಾನು ಓದಿರುವುದು ಹತ್ತನೇ ಕ್ಲಾಸು. ರಿಸಲ್ಟ್ ಬಂದ ದಿನ ಕೂಡ ನನ್ನನ್ನು ಇಷ್ಟು ಜನ ವಿಚಾರಿಸಿರಲಿಲ್ಲ. ಸರಿ, ಕೇಳಿದಿರಿ. ಕೇಳಿದ ಮೇಲೆ ಉತ್ತರ ಮುಗಿಯುವ ತನಕ ಸುಮ್ಮನಿರಬೇಡವಾ? ಅದಕ್ಕೇ ಬರೆಯುತ್ತಿದ್ದೇನೆ. ಬರೆದಿದ್ದನ್ನು ಓದುವಾಗ ಮಧ್ಯೆ ಬಾಯಿ ಹಾಕಲು ಆಗುವುದಿಲ್ಲ.

ಅದೇ ಚೈನು

ಮೊದಲು ಬಂದವರು ಪಕ್ಕದ ಮನೆ ಆಂಟಿ. ಬೊಂಬೆ ನೋಡುವ ನೆಪ. ಮೆಟ್ಟಿಲ ಮೇಲೆ ಅತ್ತೆ ಅಷ್ಟು ಚೆನ್ನಾಗಿ ಪಟ್ಟದ ಬೊಂಬೆ, ಶೆಟ್ಟಿ ಅಂಗಡಿ ಬೊಂಬೆ ಎಲ್ಲ ಕೂರಿಸಿದ್ದರು. ಆಂಟಿ ಅವುಗಳ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ನನ್ನ ಮುಂದೆ ಬಂದು, ನನ್ನ ಕಿವಿ, ಕೊರಳು, ಕೈ ಎಲ್ಲವನ್ನೂ ಕಣ್ಣಲ್ಲೇ ತೂಗಿದರು.

"ಚಿನ್ನದ ಊರಿಗೆ ಹೋಗಿ ಬಂದಿದೀಯ. ಒಂದು ವರ್ಷ ಆದ್ರೂ ಕೊರಳಲ್ಲಿ ಅದೇ ಚೈನಾ?"

"ಕೊರಳೂ ಅದೇ ಅಲ್ವಾ ಆಂಟಿ," ಅಂದೆ.

ಕೊಟ್ಟ ಕಡಲೆಕಾಳಿನ ಸುಂಡಲು ತಿನ್ನದೆ ಹೊರಟು ಹೋದರು. ಪೊಟ್ಟಣ ಮಾತ್ರ ಮರೆಯದೆ ತೆಗೆದುಕೊಂಡರು.

ಹಿಂದೆ ತಿರುಗುತ್ತಿದ್ದ ಫ್ಯಾನು

ಈ "ಏನು ಸಾಧಿಸಿದೆ" ಅನ್ನುವ ರೋಗ ಮನೆಗೆ ತಂದವರು ನನ್ನ ಗಂಡನೇ. ಹೊಸ ವರ್ಷಕ್ಕೆ ಅವರ ಕಂಪನಿಯ ಮ್ಯಾನೇಜರ್ ಎಲ್ಲರನ್ನೂ ಕೂರಿಸಿ, ಪ್ರತಿಯೊಬ್ಬರಿಗೂ ಒಂದು ಸ್ವಂತ ಗುರಿ ಇರಬೇಕು ಅಂತ ಭಾಷಣ ಮಾಡಿದ್ದನಂತೆ. ಇವರು ಆ ಭಾಷಣ ಹೊತ್ತುಕೊಂಡು ಬಂದು, ಊರಿಗೆ ವಿಡಿಯೋ ಕಾಲ್ ಹಾಕಿ, "ಎಲ್ಲರೂ ಒಂದೊಂದು ಗುರಿ ಹೇಳಿ" ಅಂದರು.

ಗಂಡನ ಗುರಿ, ಕನಕಪುರ ರಸ್ತೆಯಲ್ಲಿ ಒಂದು ಸೈಟು. ಭಾವನ ಗುರಿ, ಬ್ಯಾಂಕಿನಲ್ಲಿ ಪ್ರಮೋಷನ್ನು. ಮಗಳಿಗೆ ಆಗಷ್ಟೇ ಮೂರು ತುಂಬಿತ್ತು, ಅವಳನ್ನೂ ಕೇಳಿದರು. "ನಾಯಿ," ಅಂದಳು. ನನ್ನ ಸರದಿ ಬಂದಾಗ ಮಾತ್ರ ಅತ್ತೆ, "ಅವಳದ್ದೇನು ಕೇಳೋದು, ಅವಳಿಗೆ ಎರಡನೇ ಮಗು," ಅಂತ ಅವರೇ ಹೇಳಿ ಮುಗಿಸಿದರು. ನಾಯಿ ಕೇಳಿದವಳಿಗೆ ಬಾಯಿ ಇದೆ, ನನಗಿಲ್ಲ.

ನನ್ನ ಗುರಿ ನನಗೆ ಚೆನ್ನಾಗಿ ಗೊತ್ತಿತ್ತು. ಹೋದ ಹೊಸದರಲ್ಲಿ ಒಂದು ಮಧ್ಯಾಹ್ನ ಮಗಳಿಗೆ ಮೈ ಸುಡುವ ಜ್ವರ. ಗಂಡ ಯಾವುದೋ ಕಟ್ಟಡದ ಮೇಲೆ, ಫೋನ್ ತೆಗೆಯುತ್ತಿಲ್ಲ. ನಮ್ಮದೇ ಹಳೇ ಕಾರು ಮನೆ ಕೆಳಗೆ ನಿಂತಿದೆ. ಅವರು ಕಂಪನಿ ವ್ಯಾನಿನಲ್ಲಿ ಹೋಗಿದ್ದರು. ಕೀ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ. ನಾನು ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡು, ಆ ಬೆಂಕಿ ಬಿಸಿಲಲ್ಲಿ ಟ್ಯಾಕ್ಸಿಗೆ ಕೈ ಅಡ್ಡ ಹಾಕುತ್ತಾ ನಿಂತಿದ್ದೆ. ಆ ಕಾರಿನ ಮೇಲೆ ಅವತ್ತು ಬಂದ ಕೋಪ ಇವತ್ತಿಗೂ ಇಳಿದಿಲ್ಲ.

"ನಾನು ಕಾರು ಓಡ್ಸೋದು ಕಲೀಬೇಕು," ಅಂದೆ, ಫೋನಿಗೆ ಹತ್ತಿರ ಬಂದು.

ಆ ಕಡೆ ಅತ್ತೆಯ ಮುಖ ಹಾಗೇ ನಿಂತುಬಿಟ್ಟಿತು. ಅರ್ಧ ತೆರೆದ ಬಾಯಿ, ರೆಪ್ಪೆ ಕೂಡ ಅಲ್ಲಾಡುತ್ತಿಲ್ಲ.

"ಛೆ, ನೆಟ್‌ವರ್ಕ್ ಹೋಯ್ತು," ಅಂದರು ನನ್ನ ಗಂಡ.

ನಾನು ಸರಿಯಾಗಿ ನೋಡಿದೆ. ಅತ್ತೆಯ ತಲೆಯ ಹಿಂದೆ ಫ್ಯಾನು ಚೆನ್ನಾಗಿ ತಿರುಗುತ್ತಿತ್ತು.

ಲೈಸೆನ್ಸಿನಲ್ಲಿರುವವಳು ಯಾರು?

ನನ್ನ ಹತ್ತಿರ ಇಂಡಿಯಾದ ಲೈಸೆನ್ಸು ಮದುವೆಗೆ ಮೊದಲೇ ಇತ್ತು. ಇಲ್ಲಿಯ ಡ್ರೈವಿಂಗ್ ಸ್ಕೂಲಿನ ಮಾಸ್ಟರು ಕ್ಲಚ್ಚು, ಬ್ರೇಕು ಎರಡನ್ನೂ ತಮ್ಮ ಕಾಲಡಿ ಇಟ್ಟುಕೊಂಡಿದ್ದರು. ಸ್ಟೀರಿಂಗನ್ನೂ ಪಕ್ಕದಿಂದ ಅವರೇ ತಿರುಗಿಸುತ್ತಿದ್ದರು. ನಾನು ಆರತಿ ತಟ್ಟೆ ಮುಟ್ಟಿದ ಹಾಗೆ ಸುಮ್ಮನೆ ಮುಟ್ಟಿಕೊಂಡಿರುತ್ತಿದ್ದೆ. ಕೊನೆಗೆ ಲೈಸೆನ್ಸ್ ಮನೆಗೇ ಬಂತು. ನ್ಯಾಯವಾಗಿ ಅದರ ಮೇಲೆ ಮಾಸ್ಟರ ಫೋಟೋ ಇರಬೇಕಿತ್ತು.

ಮಸ್ಕತ್‌ನಲ್ಲಿ ಕಲಿಸಲು ಬಂದ ಹೆಂಗಸು ಅಲ್ಲಿಯವಳೇ, ಹಿಂದಿ ಹರುಕುಮುರುಕು ಮಾತಾಡುತ್ತಿದ್ದಳು. ಲೈಸೆನ್ಸ್ ನೋಡಿ ಖುಷಿಪಟ್ಟು, "ಹಾಗಾದರೆ ನಿನಗೆ ಗೊತ್ತು, ಓಡಿಸು," ಅಂದಳು. ಓಡಿಸಿದೆ. ಕಾರು ಕಪ್ಪೆಯ ಹಾಗೆ ಕುಪ್ಪಳಿಸಿ ನಿಂತಿತು. ಅವಳು ಲೈಸೆನ್ಸನ್ನು ಮತ್ತೆ ಇಸಿದುಕೊಂಡು, ಒಮ್ಮೆ ಫೋಟೋ, ಒಮ್ಮೆ ನನ್ನ ಮುಖ ನೋಡಿದಳು.

"ಇದು ನಿನ್ನ ಅಕ್ಕನಾ?" ಅಂದಳು.

ವಾಕಿಂಗು

ಅವಳು ಮಾತ್ರ ಸ್ಟೀರಿಂಗು ಮುಟ್ಟಲಿಲ್ಲ. ಸಾಲಾಗಿ ಡ್ರಮ್ಮುಗಳನ್ನಿಟ್ಟು, ನಡುವೆ ರಿವರ್ಸ್‌ನಲ್ಲಿ ಕಾರು ನುಗ್ಗಿಸುವುದು ಕಲಿಸಿದಳು. ಏರಿನಲ್ಲಿ ನಿಲ್ಲಿಸಿ, ಹಿಂದೆ ಜಾರದೆ ಹೊರಡುವುದು ಕಲಿಸಿದಳು. ನಾನು ಬೆವರುತ್ತಾ, ಬೈಯಿಸಿಕೊಳ್ಳುತ್ತಾ, ಫೇಲಾಗುತ್ತಾ ಮತ್ತೆ ಹೋಗುತ್ತಿದ್ದೆ.

ಅಷ್ಟೂ ದಿನ ನನ್ನ ಗಂಡ ಊರಿಗೆ ಏನು ಹೇಳಿದ್ದರು ಗೊತ್ತಾ? ನಾನು ವಾಕಿಂಗ್ ಹೋಗುತ್ತಿದ್ದೇನೆ ಅಂತ!

"ಯಾಕ್ರೀ ಹಾಗಂದ್ರಿ?"

"ಅಮ್ಮಂಗೆ ಸುಮ್ನೆ ಟೆನ್ಷನ್ ಯಾಕೆ ಅಂತ."

ನನಗೆ ಗೊತ್ತೇ ಇರಲಿಲ್ಲ. ಒಂದು ದಿನ ಅತ್ತೆ ಫೋನಿನಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಷ್ಟು ವಾಕಿಂಗ್ ಹೋದ್ರೂ ಒಂಚೂರೂ ಇಳಿದಿಲ್ವಲ್ಲೇ. ಥೈರಾಯ್ಡ್ ಟೆಸ್ಟ್ ಮಾಡಿಸ್ಕೊ," ಅಂದಾಗಲೇ ಗೊತ್ತಾಗಿದ್ದು.

ಡ್ರಮ್ಮು, ಏರು, ರಸ್ತೆ, ಮೂರೂ ಪಾಸಾಗಿ ಅಲ್ಲಿಯ ಲೈಸೆನ್ಸ್ ಕೈಗೆ ಬಂದ ದಿನ, ಮೊಳೆಯಲ್ಲಿದ್ದ ಕೀ ಕೇಳಿದೆ. ಗಂಡ ತಲೆ ಕೆರೆದುಕೊಂಡರು. "ಈಗ ಬೇಡ. ಊರಿಗೆ ಹೋಗ್ತಿದೀಯಲ್ಲ, ಅಲ್ಲಿ ಅಪ್ಪನ ಕಾರು ಓಡ್ಸಿ ತೋರ್ಸು. ಆಮೇಲೆ ಈ ಕೀ ನಿಂದೇ."

ಎಂಥ ಕಿಲಾಡಿ ನೋಡಿ. ಅಪ್ಪನ ಕಾರು ವರ್ಷಗಳಿಂದ ಮನೆ ಮುಂದೆ ಕವರು ಹೊದ್ದು ಮಲಗಿದೆ. ಮಾವನಿಗೆ ಮಂಡಿ ನೋವು, ಓಡಿಸುವುದಿಲ್ಲ. ಭಾವ ಸ್ಕೂಟರಿನವರು. ಮಾವ ಅದಕ್ಕೆ ಇನ್ಶೂರೆನ್ಸ್ ಮಾತ್ರ ತಪ್ಪದೆ ಕಟ್ಟುತ್ತಾರೆ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಅದನ್ನು ತೊಳೆದು, ಬಾಳೆಕಂದು ಕಟ್ಟಿ, ಚಕ್ರದ ಮುಂದೆ ನಿಂಬೆಹಣ್ಣು ಇಡುತ್ತಾರೆ. ಆಮೇಲೆ ಗಂಡಸರೆಲ್ಲ ಸೇರಿ ಹಿಂದಿನಿಂದ ತಳ್ಳಿ ನಿಂಬೆಹಣ್ಣು ದಾಟಿಸುತ್ತಾರೆ. ಆಮೇಲೆ ಎಲ್ಲರೂ ಮುಂದಿನಿಂದ ಹಿಂದಕ್ಕೆ ತಳ್ಳಿ, ಕವರು ಹೊದಿಸಿ, ಕೋಸಂಬರಿ ತಿನ್ನುತ್ತಾರೆ.

"ಸಾರ್ ಎಲ್ಲಿ?"

ಬಂದ ಮಾರನೇ ದಿನವೇ ಹತ್ತಿರದ ಗ್ಯಾರೇಜಿಗೆ ಹೋಗಿ, "ಬ್ಯಾಟರಿ ಸತ್ತಿದೆ, ಬನ್ನಿ," ಅಂದೆ. ಮೆಕ್ಯಾನಿಕ್ಕು ನನ್ನ ಹಿಂದೆ ಇಣುಕಿ ನೋಡಿದ.

"ಸಾರ್ ಎಲ್ಲಿ ಮೇಡಂ? ಸಾರ್ ಬಂದ್ರೆ ಗಾಡಿ ವಿಷ್ಯ ಮಾತಾಡ್ತೀನಿ."

"ಸಾರ್ ಮಸ್ಕತ್‌ನಲ್ಲಿದಾರೆ. ಗಾಡಿ ಇಲ್ಲಿದೆ. ಯಾರನ್ನ ರಿಪೇರಿ ಮಾಡ್ತೀರ ನೀವು?"

ಬಂದ. ಬ್ಯಾಟರಿ ಬದಲಾಯಿಸಿ, ಆಯಿಲ್ ಹಾಕಿ, ಟೈರಿಗೆ ಗಾಳಿ ತುಂಬಿ, ಸ್ಟಾರ್ಟ್ ಮಾಡಿದ. ಕಾರು ಕೆಮ್ಮಿ ಕೆಮ್ಮಿ ಎದ್ದಿತು. ಮಾವ ಪೇಪರ್ ಬಿಟ್ಟು ಬಾಗಿಲಿಗೆ ಓಡಿ ಬಂದರು. ಮಂಡಿ ನೋವು ಆ ಹೊತ್ತಿಗೆ ಎಲ್ಲಿ ಹೋಗಿತ್ತೋ. "ಇದಕ್ಕೆ ಇನ್ನೂ ಜೀವ ಇದೆಯಾ!" ಅಂದರು.

ಮೆಕ್ಯಾನಿಕ್ಕು ಕೀಯನ್ನು ನನ್ನ ಕೈ ದಾಟಿಸಿ ಮಾವನ ಕೈಗೆ ಕೊಟ್ಟ. ಬಿಲ್ಲನ್ನು ಮಾತ್ರ ನನ್ನ ಕೈಗೆ ಕೊಟ್ಟ.

ತಳ್ಳುವವರು

ಆಯುಧಪೂಜೆಯ ಬೆಳಗ್ಗೆ ಕಾರು ಮದುಮಗನ ಹಾಗೆ ನಿಂತಿತ್ತು. ಹೋದ ವರ್ಷ ಬೂದುಗುಂಬಳಕಾಯಿಯ ಚೂರು ಚಕ್ರಕ್ಕೆ ಅಡ್ಡ ಸಿಕ್ಕಿತ್ತು ಅಂತ, ಈ ಸಲ ಭಾವನೇ ಬುದ್ಧಿ ಓಡಿಸಿ ಕಾಯಿಯನ್ನು ಕಾರಿನ ಹಿಂದೆ ಒಡೆಸಿದ್ದರು. ಕುಂಕುಮ ನೆಲದ ತುಂಬ. ಭಾವ, ಪಕ್ಕದ ಮನೆ ಅಂಕಲ್, ಎದುರು ಮನೆಯವರು, ಎಲ್ಲರೂ ಪಂಚೆ ಎತ್ತಿ ಕಟ್ಟಿ ಡಿಕ್ಕಿಗೆ ಕೈ ಕೊಟ್ಟು ನಿಂತಿದ್ದರು.

"ಮಾವ, ಕೀ ಕೊಡಿ. ನಾನು ದಾಟಿಸ್ತೀನಿ," ಅಂದೆ.

"ಅಯ್ಯೋ, ಹಬ್ಬದ ದಿನ ಏನೇ ಇದು!" ಅಂದರು ಅತ್ತೆ.

"ಬೇಡಮ್ಮ, ನಾವಿದೀವಲ್ಲ ತಳ್ಳೋಕೆ," ಅಂದರು ಭಾವ.

ಮಾವ ಕಾರನ್ನು ನೋಡಿದರು, ನನ್ನನ್ನು ನೋಡಿದರು. "ನಿಂಬೆಹಣ್ಣು ದಾಟಿದ ತಕ್ಷಣ ನಿಲ್ಲಿಸ್ಬೇಕು," ಅಂತ ಕೀ ಕೊಟ್ಟರು.

ಇಡೀ ಬೀದಿ ನೋಡುತ್ತಿದೆ. ನಾನು ತಲೆ ಎತ್ತಿ ನಡೆದು, ಕಾರಿನ ಬಾಗಿಲು ತೆಗೆದು, ಸೀರೆ ಸರಿ ಮಾಡಿಕೊಂಡು ಗಂಭೀರವಾಗಿ ಕೂತೆ. ಕೈ ಚಾಚಿದೆ. ಸ್ಟೀರಿಂಗ್ ಇಲ್ಲ.

ಮಸ್ಕತ್‌ನಲ್ಲಿ ಸ್ಟೀರಿಂಗು ಎಡಗಡೆ. ನಾನು ಅಭ್ಯಾಸಬಲದಿಂದ ಎಡಗಡೆ ಹತ್ತಿ ಕೂತಿದ್ದೆ.

ಹಿಂದಿನಿಂದ ಭಾವನ ದನಿ. "ಏನಮ್ಮ, ಸ್ಟೀರಿಂಗ್ ಮಸ್ಕತ್‌ನಲ್ಲೇ ಬಿಟ್ಟು ಬಂದ್ಯಾ?" ಬೀದಿ ಪೂರ್ತಿ ನಕ್ಕಿತು. ಪಕ್ಕದ ಮನೆ ಆಂಟಿಯಂತೂ ಕಾಂಪೌಂಡ್ ಹಿಡಿದುಕೊಂಡು ನಕ್ಕರು. ನನ್ನ ಕಿವಿ ಕಾದ ಕಾವಲಿಯಾಯಿತು. ಈಗ ಇಳಿದು ಮನೆಯೊಳಗೆ ಹೋದರೆ ಇಲ್ಲೂ ಕಾರಿಲ್ಲ, ಅಲ್ಲೂ ಇಲ್ಲ, ಮಸ್ಕತ್‌ನ ಆ ಕೀ ಮೊಳೆಯಲ್ಲೇ ತುಕ್ಕು ಹಿಡಿಯುತ್ತದೆ.

ಇಳಿದೆ. ಬಾಗಿಲು ಹಾಕಲಿಲ್ಲ.

"ಅತ್ತೆ, ಸೀಟು ಮೆತ್ತಗಿದೆಯಾ ಅಂತ ನಿಮಗೋಸ್ಕರ ನೋಡ್ದೆ. ಬನ್ನಿ, ಕೂತ್ಕೊಳ್ಳಿ."

ನಗು ನಿಂತುಹೋಯಿತು. ಅತ್ತೆ ಆ ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದೇ ಇಲ್ಲ. ಓಡುತ್ತಿದ್ದ ಕಾಲದಲ್ಲೂ ಮುಂದೆ ಮಾವ ಮತ್ತು ಗಂಡುಮಕ್ಕಳು, ಹಿಂದೆ ಅತ್ತೆ ಮತ್ತು ತಿಂಡಿಯ ಡಬ್ಬಿಗಳು. ಅವರು ಮಾವನ ಕಡೆ ನೋಡಲಿಲ್ಲ. ರೇಷ್ಮೆ ಸೀರೆಯ ನೆರಿಗೆ ಹಿಡಿದು ಬಂದು ಕೂತೇಬಿಟ್ಟರು. ಮಗಳು ಹಿಂದೆ ಹತ್ತಿದಳು.

ನಾನು ಬಲಗಡೆ ಕೂತು ಸ್ಟಾರ್ಟ್ ಮಾಡಿದೆ. ಭಾವನಿಗೆ ನನ್ನ ಮೇಲೆ ನಂಬಿಕೆ ಇದ್ದಿದ್ದರೆ ಡಿಕ್ಕಿಯಿಂದ ಕೈ ತೆಗೆಯುತ್ತಿದ್ದರು. ಅವರು ಇನ್ನಷ್ಟು ಭಾರ ಹಾಕಿ, "ಒಂದೇ ಸಲ, ತಳ್ರೀ!" ಅಂದರು. ನಾನು ಕ್ಲಚ್ ಬಿಟ್ಟೆ. ನಿಂಬೆಹಣ್ಣು ಪಟಪಟ ಒಡೆದು ಕಾರು ಮುಂದೆ ಹೋಯಿತು. ಭಾವನ ಕೈಯಡಿ ಕಾರಿಲ್ಲ, ಕಾಲಡಿ ಕುಂಬಳಕಾಯಿ ಇತ್ತು. ಕನ್ನಡಿಯಲ್ಲಿ ನೋಡಿದೆ. ಬೋರಲು ಬಿದ್ದಿದ್ದರು, ಬಿಳಿ ಪಂಚೆ ಪೂರ್ತಿ ಕುಂಕುಮ.

ಮಾವ "ನಿಲ್ಸು, ನಿಲ್ಸು" ಅನ್ನುತ್ತಿದ್ದರು. ನಾನು ಎರಡನೇ ಗೇರಿಗೆ ಹಾಕಿದೆ.

ಬುಲ್ ಟೆಂಪಲ್ ರಸ್ತೆಗೆ ಬರುವ ತನಕ ಅತ್ತೆ ಸೀಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು. ಆಮೇಲೆ ಮೆಲ್ಲಗೆ, "ಮುಂದೆ ಕೂತ್ರೆ ರಸ್ತೆ ಎಷ್ಟು ಅಗಲ ಕಾಣುತ್ತಲ್ಲೇ," ಅಂದರು.

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ವಿಡಿಯೋ ಕಾಲ್, ನನ್ನ ಗಂಡ. ಭಾವ ನೆಲದಿಂದ ಏಳುವ ಮೊದಲೇ ಚಾಡಿ ಹೇಳಿರಬೇಕು.

"ಅಮ್ಮಾ, ಕಾರು ಯಾರು ಓಡಿಸ್ತಿರೋದು?"

"ನಾನೇ ರೀ," ಅಂತ ಕೂಗಿದೆ. "ನಿಮ್ಮಪ್ಪನ ಕಾರೇ. ಮೊಳೆಯಿಂದ ಕೀ ತೆಗೆದಿಡಿ."

"ಅಮ್ಮಾ, ನಿಲ್ಸೋಕೆ ಹೇಳು ಅವಳಿಗೆ! ಈಗ್ಲೇ ಮನೆಗೆ ವಾಪಸ್ ಹೋಗಿ!"

ಅತ್ತೆ ಫೋನನ್ನು ಮುಖದ ಮುಂದೆ ನೆಟ್ಟಗೆ ಹಿಡಿದರು. ಬಾಯಿ ಅರ್ಧ ತೆರೆದರು. ಹಾಗೇ ನಿಂತುಬಿಟ್ಟರು. ರೆಪ್ಪೆ ಕೂಡ ಅಲ್ಲಾಡಲಿಲ್ಲ.

"ಅಮ್ಮಾ? ಅಮ್ಮಾ, ಕೇಳಿಸ್ತಿದೆಯಾ? ಛೆ, ನೆಟ್‌ವರ್ಕ್ ಹೋಯ್ತು."

ಅತ್ತೆಯ ತಲೆಯ ಹಿಂದೆ, ಕಿಟಕಿಯಲ್ಲಿ, ಬಸವನಗುಡಿಯ ಮರಗಳು ಒಂದರ ಹಿಂದೆ ಒಂದು ಓಡುತ್ತಿದ್ದವು.