ನಲವತ್ತಾರು ನಿಮಿಷ ಮತ್ತು ಒಂದು ಮದುವೆ ಕೋಟು

ಯಾವುದೇ ಎರಡು ಊರುಗಳ ನಡುವಿನ ವಿಮಾನದೂರವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳಿಬಿಡುವ ಮಹಾಜ್ಞಾನಿ ವೆಬ್‌ಸೈಟ್ ಮಾನ್ಯರೇ,

ಅನಂತ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ದಾರಿಯನ್ನೇ ತುಳಿಯದವರಿಗೆ ಆಯಾಸವಾದರೂ ಎಲ್ಲಿಂದ ಬರಬೇಕು!

ನಾನು ಮೂವತ್ತು ವರ್ಷದಿಂದ ಕೋಟು ಹೊಲಿಯುತ್ತಿರುವ ದರ್ಜಿ. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವ ಹೊತ್ತಿಗೆ ಕೊನೆಯ ಗುಂಡಿ ಹಾಕುವುದು ನಮ್ಮ ಕಸುಬಿನ ರೂಢಿ. ಆದ್ದರಿಂದ, ದೂರದ ಊರಿನಲ್ಲಿರುವ ನನ್ನ ಅಕ್ಕನ ಮಗನ ಮದುವೆ ಕೋಟು ಹಿಡಿದು ಎಷ್ಟು ಹೊತ್ತಿಗೆ ಹೊರಟರೆ ಸಾಕೆಂದು ತಮ್ಮನ್ನೇ ಕೇಳಿದೆ. ಆರುನೂರ ಹನ್ನೆರಡು ಕಿಲೋಮೀಟರ್, ನಲವತ್ತಾರು ನಿಮಿಷ ಎಂದಿರಿ. ಸುಮಾರು, ಬಹುಶಃ ಎಂಬ ಅಳುಕಿನ ಮಾತೇ ಇಲ್ಲ. ಅಳತೆ ಹೇಳುವವರೆಂದರೆ ಹೀಗಿರಬೇಕು ಎಂದುಕೊಂಡು ಅಕ್ಕನಿಗೂ ಫೋನಿನಲ್ಲಿ ಅದನ್ನೇ ಹೇಳಿ, ಹನ್ನೊಂದು ಗಂಟೆಯ ಮದುವೆಗೆ ಬೆಳಿಗ್ಗೆ ಒಂಬತ್ತರವರೆಗೂ ನೆಮ್ಮದಿಯಾಗಿ ಗುಂಡಿ ಹಾಕುತ್ತ ಕುಳಿತೆ.

ವಿಮಾನ ನಿಲ್ದಾಣದ ಕೌಂಟರಿನ ಹೆಣ್ಣುಮಗಳು ಮರುಕದಿಂದ ನೋಡಿ, ಈ ಎರಡು ಊರುಗಳ ನಡುವೆ ನೇರ ವಿಮಾನವೇ ಇಲ್ಲ, ಮೊದಲು ತದ್ವಿರುದ್ಧ ದಿಕ್ಕಿನ ಮೂರನೆಯ ಊರಿಗೆ ಹೋಗಿ, ನಾಲ್ಕು ಗಂಟೆ ಕಾದು, ಇನ್ನೊಂದು ವಿಮಾನ ಹತ್ತಬೇಕು ಎಂದಳು. ತಮ್ಮ ಪುಟದ ತಳದಲ್ಲಿ, ಸೂಜಿಗೆ ದಾರ ಪೋಣಿಸುವ ನನ್ನ ಕಣ್ಣಿಗೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ಇದು ಊರಿನ ನಡುಮಧ್ಯದಿಂದ ಊರಿನ ನಡುಮಧ್ಯಕ್ಕೆ ಎಳೆದ ಗೆರೆಯ ಲೆಕ್ಕ, ವಿಮಾನ ಇದೆಯೇ ಎಂಬುದು ನಮ್ಮ ಜವಾಬ್ದಾರಿಯಲ್ಲ ಎಂದು ಬರೆದಿರುವುದನ್ನು ಅಲ್ಲೇ ಕುಳಿತು ಓದಿ ಧನ್ಯನಾದೆ. ನಮ್ಮೂರಿನ ನಡುಮಧ್ಯದಲ್ಲಿರುವುದು ತರಕಾರಿ ಮಾರುಕಟ್ಟೆ. ಟೊಮೆಟೊ ಬುಟ್ಟಿಗಳ ಮೇಲೆ ಓಡಿ ಆಕಾಶಕ್ಕೇರುವ ವಿಮಾನವನ್ನು ತಾವು ಕಂಡಿದ್ದರೆ, ಅದರ ಟಿಕೆಟ್ ಯಾವ ಅಂಗಡಿಯಲ್ಲಿ ಸಿಗುತ್ತದೆಂದು ದಯಮಾಡಿ ತಿಳಿಸಿ.

ನಾನು ತಲುಪಿದಾಗ ಸಂಜೆ ಆರು; ಕುರ್ಚಿಗಳನ್ನು ಮಡಚಿ ಲಾರಿಗೆ ತುಂಬುತ್ತಿದ್ದರು. ಸೋದರಳಿಯ ಫೋಟೋಗ್ರಾಫರನ ಕೋಟು ಇಸಿದುಕೊಂಡು ಮದುವೆಯಾಗಿದ್ದ. ಅದೂ ರೆಡಿಮೇಡ್ ಕೋಟು! "ನಲವತ್ತಾರು ನಿಮಿಷ ಅಂದಿದ್ಯಲ್ಲೋ, ನಿನ್ನ ಗಡಿಯಾರದಲ್ಲಿ ಈಗ ಎಷ್ಟಾಯ್ತು?" ಎಂದಷ್ಟೇ ಕೇಳಿದ ಅಕ್ಕ ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಚಿಕ್ಕಂದಿನಲ್ಲಿ ನನಗೆ ಸೂಜಿ ಹಿಡಿಯಲು ಕಲಿಸಿದವಳು ಅವಳೇ. ನೆನೆದರೆ ಸಂಕಟವಾಗುತ್ತದೆ.

ಆದಕಾರಣ ತಮ್ಮಲ್ಲಿ ನನ್ನ ಬಿನ್ನಹವೇನೆಂದರೆ, ತಮ್ಮ ಆ ಗೆರೆಯನ್ನು ಆಕಾಶದಲ್ಲಿ ಗಟ್ಟಿಯಾಗಿ ಬಿಗಿದು ಕಟ್ಟಿಸಿ, ಇನ್ನು ಮುಂದಾದರೂ ಕೋಟನ್ನು ಹ್ಯಾಂಗರಿಗೆ ಸಿಕ್ಕಿಸಿ ಅತ್ತ ಜಾರಿಸಿಬಿಡಲು ಅನುವು ಮಾಡಿಕೊಡಬೇಕು. ಅದಾಗದಿದ್ದರೆ ತಾವೇ ಖುದ್ದಾಗಿ ಅಕ್ಕನ ಮನೆಗೆ ಹೋಗಿ ತಪ್ಪೊಪ್ಪಿಕೊಳ್ಳಬೇಕು. ಹೋಗಲು ತಮಗೆ ನಲವತ್ತಾರು ನಿಮಿಷ ಸಾಕು. ಬೈಗುಳ ಕೇಳುವುದಕ್ಕೆ ಮಾತ್ರ ಇಡೀ ಒಂದು ದಿನ ಬಿಡುವು ಮಾಡಿಕೊಳ್ಳಿ.

ಇಂತಿ, ಇಷ್ಟಾದರೂ ತಮ್ಮ ಮೇಲಿನ ಗೌರವವನ್ನು ಕಷ್ಟಪಟ್ಟು ಉಳಿಸಿಕೊಂಡಿರುವ
ತಮ್ಮ ವಿಶ್ವಾಸಿ,
ಕೋಟು ದರ್ಜಿ

ಬರೆಯಲು ಮರೆತ ಮಾತು: ತಾವು ಎಂದಾದರೂ ಕೋಟು ಹೊಲಿಸುವುದಾದರೆ ನಮ್ಮಂಗಡಿಗೇ ಬನ್ನಿ. ತಮ್ಮ ಪದ್ಧತಿಯಲ್ಲೇ ಅಳತೆ ತೆಗೆಯುತ್ತೇನೆ: ಬೆನ್ನಿನಿಂದ ಹೊಕ್ಕುಳಿಗೆ ಒಂದೇ ನೇರ ಗೆರೆ, ಹೊಟ್ಟೆ ಸುತ್ತಿ ಬರುವ ಗೋಜೇ ಇಲ್ಲ. ಗುಂಡಿ ಕೂಡುತ್ತದೆಯೇ ಎಂಬುದು ನಮ್ಮ ಜವಾಬ್ದಾರಿಯಲ್ಲ.