ಮಾಲೀಕಗಿರಿ ಬಿಟ್ಟು ಮನೆ ಸಾಲಕ್ಕೆ ಮರಳಿದ್ದು

ಗೋಳಗುಮ್ಮಟವೊಂದನ್ನು ಬಿಟ್ಟರೆ ವಿಜಯಪುರದ ಎಲ್ಲ ಮನೆಗಳಿಗೂ ಸಾಲ ಕೊಡಿಸಿದವನು ನಾನೇ. ಸುಳ್ಳು, ನಿಮಗೂ ಗೊತ್ತು. ಆದರೆ ಹದಿನೈದು ವರ್ಷ ಮನೆ ಸಾಲದ ಕಂಪನಿಯಲ್ಲಿದ್ದೆ, ಆಮೇಲೆ ಮೂರು ವರ್ಷ ಸ್ವಂತ ಟೈಲ್ಸ್ ಅಂಗಡಿಯ ಮಾಲೀಕನಾಗಿದ್ದೆ, ಈಗ ಮತ್ತೆ ಅದೇ ಕಂಪನಿಯ ಚೀಲ ಹೆಗಲಿಗೆ ಹಾಕಿಕೊಂಡು ಮನೆ ಮನೆ ತಿರುಗುತ್ತಿದ್ದೇನೆ ಅನ್ನುವುದು ಮಾತ್ರ ಖರೇ. ಇಂಥವನಿಗೆ ವಾರಕ್ಕೊಂದು ಫಜೀತಿ ಆಗದೆ ಇನ್ನೇನಾಗುತ್ತದೆ? ಕೂಡ್ರಿ, ಎರಡು ಚಾ ಹೇಳೀನಿ.

೧. ತಿರುಗುವ ಕುರ್ಚಿ

ಅಂಗಡಿಗೆ ನಾನು ಮೊದಲು ತಂದದ್ದು ಟೈಲ್ಸ್ ಅಲ್ಲ, ತಿರುಗುವ ಕುರ್ಚಿ. ಕೂತು ಒಂದು ಸುತ್ತು ಹೊಡೆದರೆ ಸಾಕು, ಮಾಲೀಕ ಅನ್ನಿಸುತ್ತಿತ್ತು. ಗಿರಾಕಿ ಬಂದರೆ ಮೊದಲು ಚಾ, ಆಮೇಲೆ ಹರಟೆ. ಟೈಲ್ಸ್ ತೋರಿಸೋಣ ಅನ್ನುವಷ್ಟರಲ್ಲಿ ಅವನಿಗೆ ಬಸ್ಸಿನ ಹೊತ್ತಾಗುತ್ತಿತ್ತು.

"ನಿಮ್ಮಷ್ಟ ಚಲೋ ಮಾತಾಡೋ ಮಾಲೀಕರನ್ನ ನೋಡೇ ಇಲ್ಲ ಬಿಡ್ರಿ" ಅಂತ ಎದ್ದು ಹೋಗಿ, ಮಾತೇ ಆಡದ ಪಕ್ಕದ ಅಂಗಡಿಯವನ ಹತ್ತಿರ ಕೊಳ್ಳುತ್ತಿದ್ದ.

ಕೊನೆಗೆ ಬೀಗ ಹಾಕಿದ ದಿನ ನನ್ನ ಹೆಂಡತಿ ಅಳಲಿಲ್ಲ. ನಾನೂ ಅಳಲಿಲ್ಲ. ಸರಿ, ಶಟರ್ ಕಡೆ ಮುಖ ಮಾಡಿ ಸ್ವಲ್ಪ ಅತ್ತೆ. ಗಳಗಳ ಅಂತ ಅತ್ತವನು ಒಬ್ಬನೇ, ಎದುರಿನ ಚಾದಂಗಡಿಯವ.

"ಸಾಹೇಬ್ರ, ನಿಮ್ಮ ಅಂಗಡಿ ಮುಚ್ಚಿದ್ರ ನನ್ನ ಅಂಗಡಿ ಹೆಂಗ ನಡೀಬೇಕ್ರಿ?"

೨. ಹೆಜ್ಜೆಯ ಅಳತೆ

ಹಳೆಯ ಕಂಪನಿಯ ಬಾಗಿಲು ತಟ್ಟಿದೆ. ಮ್ಯಾನೇಜರ್ ಖೋಲಿಯಲ್ಲಿ ಕೂತವನು ಯಾರು ಅಂತೀರಿ? ಹಿಂದೆ ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗ! ಅವನ ಮೊದಲ ದಿನ ನಾನು ಗಂಭೀರವಾಗಿ, "ಕಂಪನಿ ಟೇಪ್ ಕೊಡಂಗಿಲ್ಲ, ಪ್ಲಾಟ್ ಹೆಜ್ಜಿಲೇ ಅಳೀಬೇಕು" ಅಂದಿದ್ದೆ. ಪಾಪ, ಏಪ್ರಿಲ್ ಬಿಸಿಲಿನಲ್ಲಿ ಹಿಮ್ಮಡಿಗೆ ಕಾಲ್ಬೆರಳು ತಾಗಿಸಿ ಇಡೀ ಲೇಔಟ್ ಅಳೆದು ಬಂದಿದ್ದ.

ಈಗ ಅವನು ಎದ್ದು ನಿಂತು ಕೈ ಮುಗಿದ. "ಬರ್ರಿ ಗುರುಗಳ. ನೌಕರಿ ಕೊಡ್ತೀನಿ. ಆದ್ರ ಮೂರು ತಿಂಗಳದಾಗ ಮೂರು ಫೈಲ್ ಪಾಸ್ ಆಗಬೇಕು. ಆದ್ರ ಕಾಯಂ, ಇಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ."

"ಆಗಲ್ರಿ ಸರ್" ಅಂದೆ. ಸರ್ ಅನ್ನುವಾಗ ನಾಲಿಗೆ ಒಂದು ಸಲ ತೊಡರಿತು.

"ಮೊದಲನೇದು ತೊರವಿ ಪ್ಲಾಟ್. ಇವತ್ತ ಅಳತಿ ಮಾಡಿ ಬರ್ರಿ."

ಟೇಪ್ ಕೇಳಿದೆ. ಅವನು ನನ್ನ ಕಾಲಿನ ಕಡೆ ನೋಡಿದ. "ಕಂಪನಿ ಇನ್ನೂ ಕೊಡಾಕತ್ತಿಲ್ರಿ ಗುರುಗಳ."

೩. ಕೊಸರು

ತೊರವಿಯ ಫೈಲು ಪಾಸಾಯಿತು. ಎರಡನೆಯದು ಬಬಲೇಶ್ವರದ್ದು. ಸಂತೆಯಲ್ಲಿ ಬಳ್ಳೊಳ್ಳಿ ಮಾರುವ ಗಂಡ ಹೆಂಡತಿ. ಸಂತೆಯ ದಿನವೇ ಸಹಿ, ಅದೂ ಬಳ್ಳೊಳ್ಳಿ ರಾಶಿಯ ಮುಂದೆ. ಗಂಡ ಸಹಿ ಮಾಡಿದ. ಹೆಂಡತಿ ಪೆನ್ನು ಹಿಡಿದು ನಿಂತುಬಿಟ್ಟಳು.

"ಕೊಸರು ಏನ್ ಕೊಡ್ತೀರ್ರಿ?"

"ಯವ್ವಾ, ಸಾಲಕ್ಕ ಕೊಸರು ಇರಂಗಿಲ್ಲ."

"ಪಾವ್ ಕಿಲೋ ಬಳ್ಳೊಳ್ಳಿ ಒಯ್ಯೋರಿಗೆ ನಾ ನಾಕು ಎಸಳು ಮ್ಯಾಲೆ ಹಾಕ್ತೀನಿ. ಇಷ್ಟ ದೊಡ್ಡ ಯಾಪಾರಕ್ಕ ನೀವು ಏನೂ ಹಾಕಂಗಿಲ್ಲ?"

ಸುತ್ತಲಿನ ಸಂತೆಯೆಲ್ಲ ಅವಳ ಕಡೆ. ನನ್ನೊಳಗಿನ ಹಳೆಯ ಅಂಗಡಿಕಾರ ಎಚ್ಚರಾದ. ಚೀಲಕ್ಕೆ ಕೈ ಹಾಕಿ ಕಂಪನಿಯ ದೊಡ್ಡ ಕ್ಯಾಲೆಂಡರ್ ತೆಗೆದೆ. "ತಗೋರಿ, ಗ್ವಾಡಿಗೆ ಹಾಕ್ರಿ."

ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಗ್ವಾಡಿ ಎಲ್ಲೈತ್ರಿ? ಅದಕ್ಕೇ ಅಲ್ಲೇನ್ರಿ ಸಾಲ ತಗೊಳ್ಳಾಕತ್ತಿದ್ದು!"

೪. ತಿಕೋಟಾದ ಆಯಿ

ಬಬಲೇಶ್ವರದ್ದೂ ಪಾಸಾಯಿತು. ಮೂರನೆಯ ಫೈಲು ತಿಕೋಟಾದ್ದು. ಒಣದ್ರಾಕ್ಷಿ ಗೋದಾಮಿನಲ್ಲಿ ಪಗಾರಕ್ಕಿರುವ ಹುಡುಗ, ವಯಸ್ಸು ಮೂವತ್ತನಾಲ್ಕು, ಬಾಡಿಗೆ ಖೋಲಿ. ಸ್ವಂತ ಮನೆ ಇಲ್ಲವೆಂದು ಯಾರೂ ಹೆಣ್ಣು ಕೊಟ್ಟಿರಲಿಲ್ಲ. ಅದಕ್ಕೇ ಈ ಸಾಲ. ಅವನ ಮದುವೆ, ನನ್ನ ನೌಕರಿ ಎರಡೂ ಒಂದೇ ಫೈಲಿನೊಳಗೆ. ಗಡುವಿಗೆ ಉಳಿದದ್ದು ಎರಡೇ ದಿನ.

ಸಾಲದ ಸುದ್ದಿ ಎತ್ತದೆ ಓಣಿಯವರ ಹತ್ತಿರ ವಿಚಾರಿಸಬೇಕು, ಅವರು ಹೇಳಿದ್ದನ್ನು ಹೇಳಿದ ಹಾಗೆ ಮೊಬೈಲಿನಲ್ಲಿ ತುಂಬಿ ಅಲ್ಲಿಂದಲೇ ಕಳಿಸಬೇಕು. ಅದು ನಮ್ಮ ನಿಯಮ. ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು, ಓಣಿಗೆಲ್ಲ ಆಯಿ. ಹುಡುಗ ಹೆಂಗ, ಚಟ ಏನಾರ, ದುಡಿಮಿ ಎಷ್ಟ, ಮನಿ ಐತೇನು ಅಂತ ಕೇಳಿದೆ.

"ಬಂಗಾರದಂಥಾ ಹುಡುಗ! ಅಡಕಿ ಚೂರೂ ಬಾಯಾಗ ಹಾಕಂಗಿಲ್ಲ. ಎರಡ ಮಾಳಗಿ ಮನಿ, ಹತ್ತ ಎಕರೆ ದ್ರಾಕ್ಷಿ!"

ಬಾಡಿಗೆ ಖೋಲಿ ಅಂತ ಗೊತ್ತಿದ್ದರೂ ನಿಯಮ ನಿಯಮವೇ, ಎಲ್ಲ ತುಂಬಿ ಕಳಿಸಿದೆ. ಆಗ ಆಯಿ ಮೆಲ್ಲಗೆ ಕೇಳಿದಳು: "ಹುಡುಗಿ ಎಷ್ಟ ಕಲ್ತಾಳ?"

ನನಗೆ ಈಗ ಹೊಳೆಯಿತು. ನಾನು ಕೇಳಿದ ನಾಲ್ಕೂ ಪ್ರಶ್ನೆ ಹೆಣ್ಣಿನ ಅಪ್ಪ ಕೇಳುವಂಥವೇ! ನಮ್ಮ ಕಡೆ ವರನ ವಿಚಾರಣೆಗೆ ಬಂದವರ ಮುಂದೆ ಯಾರಾದರೂ ಕೊರತೆ ಹೇಳುತ್ತಾರೆಯೇ?

ಅಷ್ಟರಲ್ಲಿ ಮ್ಯಾನೇಜರ್ ಫೋನು. "ಗುರುಗಳ, ಎರಡು ಮಾಳಗಿ ಮನಿ ಇದ್ದವಗ ಮನಿ ಸಾಲ ಯಾಕ್ರಿ? ಅರ್ಜ್ಯಾಗ ಮುಚ್ಚಿಟ್ಟಾನೇನು? ನಾಳೆ ನಾನೇ ಬರ್ತೀನಿ."

ಮರುದಿನ ಬಂದ. ಇಸ್ತ್ರಿ ಅಂಗಿ, ಮಿಂಚುವ ಬೂಟು. ಆಯಿಯ ಕಣ್ಣು ಅರಳಿದವು. "ಹುಡುಗಿ ಅಣ್ಣ ಏನ್ರಿ? ಕೂಡ್ರಿ ಯಪ್ಪಾ!" ಚುರುಮುರಿ ಸುಸಲಾ ಬಂತು, ಮೊಣಕಾಲಿಗೆ ಮೊಣಕಾಲು ತಾಗಿಸಿ ಓಣಿಯೆಲ್ಲ ಕೂತಿತು. ಮನೆಗೆ ಮೂರನೆಯ ಮಾಳಿಗೆ ಎದ್ದಿತು. ದ್ರಾಕ್ಷಿ ಇಪ್ಪತ್ತು ಎಕರೆಯಾಯಿತು. ಬಾಗಿಲ ಮರೆಯಲ್ಲಿ ಹುಡುಗ ಅಳುವುದೊಂದು ಬಾಕಿ. "ಆಯಿ, ಹಂಗ ಅನಬ್ಯಾಡ ಬೇ" ಅಂದರೆ, "ಸುಮ್ಮನಿರಲೇ" ಅಂತ ಗದರಿ ನಮ್ಮ ಕಡೆ ತಿರುಗಿ, "ನಾಚಕೊಳ್ಳಾಕತ್ತಾನ್ರಿ" ಅಂದಳು.

ಮ್ಯಾನೇಜರ್ ಫೈಲು ಮುಚ್ಚಿ ಪೆನ್ನಿನ ಮುಚ್ಚಳ ಹಾಕತೊಡಗಿದ. ನನಗೆ ತಡೆಯಲಿಲ್ಲ.

"ಆಯಿ, ಹುಡುಗೀದು ಒಂದ ಹಟ ಐತಿ. ಹಳೀ ಮನಿ ಇದ್ದ ವರ ಬ್ಯಾಡಂತ. ಹೊಸಾ ಮನಿಗೆ ತಾನ ಪಾಯಾ ಪೂಜಿ ಮಾಡಬೇಕಂತಾಳ."

ಆಯಿ ಕೈಯಲ್ಲಿದ್ದ ಸುಸಲಾದ ತಟ್ಟೆ ಕೆಳಗಿಟ್ಟಳು. ಆಮೇಲೆ ಸೆರಗು ಸಿಕ್ಕಿಸಿ ಎದ್ದಳು.

"ಮನಿ? ಯಾರ ಮನಿ? ಯಪ್ಪಾ, ಅವನ ಹಂತ್ಯಾಕ ಕೋಳಿ ಗೂಡೂ ಇಲ್ಲ! ಬಾಡಿಗಿ ಖೋಲಿ, ಅದೂ ಸೋರತೈತಿ!" ಮ್ಯಾನೇಜರ್‌ನ ಕೈ ಹಿಡಿದು ಎಳೆದೊಯ್ದು ಸೋರುವ ಮೂಲೆ ತೋರಿಸಿದಳು. ಖೋಲಿಯ ಮಾಲೀಕ ಬಾಡಿಗೆ ಕರಾರು ಪತ್ರ ತಂದ. ಆಯಿ ಹೇಳಿದ ದ್ರಾಕ್ಷಿ ತೋಟ ಈ ಮಾಲೀಕನದು ಎಂದು ಗೊತ್ತಾಯಿತು.

ಫೈಲು ಪಾಸಾಯಿತು. ನನ್ನ ನೌಕರಿ ಕಾಯಂ ಆಯಿತು. ಬೈಕಿನಲ್ಲಿ ಮರಳುವಾಗ ಮ್ಯಾನೇಜರ್ ತೊರವಿ ಬರುವವರೆಗೂ ನಕ್ಕ. ಕಚೇರಿಗೆ ಬಂದವನೇ ನನ್ನ ಮೇಜಿನ ಮೇಲೆ ಹೊಸ ಟೇಪ್ ಇಟ್ಟ.

ಆದರೆ ಆಯಿ ಬಿಡಬೇಕಲ್ಲ! ತಿಕೋಟಾಕ್ಕೆ ಹೋದಾಗಲೆಲ್ಲ ಅಡ್ಡಗಟ್ಟುತ್ತಾಳೆ. "ಪಾಯಾ ಮುಗೀತು, ಗ್ವಾಡಿ ಎದ್ದಾವು, ನಾಳೆ ಸ್ಲ್ಯಾಬ್. ಹುಡುಗಿ ಎಲ್ಲಿ?" ಅದಕ್ಕೇ ಈಗ ಯಾರ ಮನೆಗೆ ಸಾಲ ಕೊಡಿಸಲು ಹೋದರೂ ನಾಲ್ಕು ಪ್ರಶ್ನೆ ಕಂಪನಿಯವು, ಐದನೆಯದು ನನ್ನದು: "ಮನ್ಯಾಗ ಲಗ್ನದ ಹೆಣ್ಮಗಳು ಅದಾಳೇನ್ರಿ?"

ನಿಮ್ಮನ್ನು ಕರೆದು ಕೂಡಿಸಿದ್ದೂ ಅದಕ್ಕೇ. ಇಲ್ಲೇನು? ಹೋಗ್ಲಿ ಬಿಡ್ರಿ. ಚಾದ ರೊಕ್ಕನಾರ ಕೊಡ್ರಿ. ಮಾಲೀಕ ಇದ್ದಾಗ ಊರಿಗೆಲ್ಲ ನಾನೇ ಕೊಡ್ತಿದ್ದೆ. ಈಗ ನೌಕರಿ ಮಾಡಾಂವ ಅದೀನ್ರಿ.