ಚಂದ್ರಗುತ್ತಿಗೆ ಹೋಗಗೊಡದ ಇಟಲಿಯ ಭವಿಷ್ಯತ್ಕಾಲಕ್ಕೆ

ಇಟಲಿ ಭಾಷೆಯಲ್ಲಿ ಸುಖವಾಗಿ ವಾಸವಾಗಿರುವ ಭವಿಷ್ಯತ್ಕಾಲ ಮಹಾಶಯರ ಸನ್ನಿಧಾನಕ್ಕೆ, ಸೊರಬದಿಂದ ಗುತ್ಯಮ್ಮ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ, ಚಂದ್ರಗುತ್ತಿ ಅಮ್ಮನ ದಯದಿಂದ ನಾವು ಕ್ಷೇಮ. ತಾವು ನಮ್ಮ ಮನೆಯಲ್ಲೇ ಠಿಕಾಣಿ ಹೂಡಿರುವುದರಿಂದ ತಮ್ಮ ಕ್ಷೇಮವನ್ನು ಬೇರೆ ವಿಚಾರಿಸಬೇಕಾಗಿಲ್ಲ. ಯುದ್ಧದ ಕಾಲದಲ್ಲಿ ಬೆಂಗಳೂರಿನ ಇಟಲಿ ಸೆರೆಯಾಳುಗಳ ಶಿಬಿರಕ್ಕೆ ತರಕಾರಿ ಒಯ್ಯುತ್ತಿದ್ದ ನಮ್ಮ ಯಜಮಾನರು ತಮ್ಮನ್ನು ಕಲಿತು ಬಂದರು. ಸೆರೆಯಾಳುಗಳೆಲ್ಲ ಬಿಡುಗಡೆಯಾಗಿ ತಮ್ಮ ದೇಶಕ್ಕೆ ಹೋದರೂ ತಾವು ಹೋಗಲಿಲ್ಲ.

ಹೋದ ವರ್ಷ ಯಜಮಾನರು ಜ್ವರದಲ್ಲಿ ಮಲಗಿದಾಗ, ಗಂಡಹೆಂಡಿರು ಕೂಡಿ ಗುಡ್ಡ ಹತ್ತಿ ಬಂದು ಉಡಿ ತುಂಬುತ್ತೇವೆಂದು ಚಂದ್ರಗುತ್ತಿ ಅಮ್ಮನಿಗೆ ಹರಕೆ ಹೊತ್ತೆ. ಜ್ವರ ಬಿಟ್ಟಿತು. ಯಾವಾಗ ಹೋಗೋಣವೆಂದರೆ ಅವರು ಕುರ್ಚಿ ಬಿಡದೆ ‘ಆಂದ್ರೇಮೊ’ ಎನ್ನುತ್ತಾರೆ. ನಾವು ಹೋಗುವೆವು ಎಂದರ್ಥವಂತೆ. ‘ನಾವು’ ಎಂದು ಬೇರೆ ಹೇಳಬೇಕಿಲ್ಲ, ಬಾಲದ ‘ಏಮೊ’ದಲ್ಲೇ ನಾನೂ ಸೇರಿದ್ದೇನಂತೆ. ನನ್ನನ್ನೂ ಬಾಲಕ್ಕೆ ಸೇರಿಸಿಕೊಂಡ ತಮ್ಮ ಔದಾರ್ಯ ದೊಡ್ಡದು. ಆದರೆ ಬಾಲವೊಂದೇ ಗುಡ್ಡ ಹತ್ತುವುದಿಲ್ಲವಲ್ಲ!

ಎಮ್ಮೆ ಎಲ್ಲಿ ಎಂದರೆ ‘ಸರಾ’, ಅಂದರೆ ಎಲ್ಲೋ ಇದ್ದೀತು. ಮುಂದೆ ಆಗುವುದಕ್ಕೂ, ಈಗ ಇದ್ದೀತು ಎಂಬ ಊಹೆಗೂ ತಾವೊಬ್ಬರೇ ಸಾಕಂತೆ; ಎಮ್ಮೆ ಹುಡುಕುವುದಕ್ಕೆ ಮಾತ್ರ ನಾನು. “ಅದು ವ್ಯಾಕರಣ ಕಣೇ, ನಿಂಗೆ ತಿಳಿಯಲ್ಲ” ಎಂದು ಮೇಲೊಂದು ಮಾತು ಬೇರೆ.

ತಿಳಿದುಕೊಂಡೆ, ಮಾನ್ಯರೇ. ‘ಕುಚಿನಾರೆ’ ಎಂದರೆ ಅಡುಗೆ ಮಾಡುವುದು. ನಡುವಿನ ಆಕಾರವನ್ನು ಎಕಾರ ಮಾಡಿ ಕೊನೆಯಲ್ಲಿ ‘ಓ’ ಎಂದು ಒತ್ತಿದರೆ ‘ಕುಚಿನೆರೋ’, ನಾನು ಅಡುಗೆ ಮಾಡುವೆನು. ಇಂದು ಬೆಳಿಗ್ಗೆ ಹರಕೆಯ ಉಡಿಯಕ್ಕಿಯನ್ನು ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿದೆ. ಕಟ್ಟಿದ ಮೇಲೆ ಅದನ್ನು ಮನೆಯಲ್ಲಿ ಉಳಿಸಿಕೊಳ್ಳುವಂತಿಲ್ಲ. ಹೊರಗೆ ಬಂದರೆ ಯಜಮಾನರು ಮಣೆಯ ಮೇಲೆ ಕೂತು, “ಊಟಕ್ಕೆ ಆಯ್ತೇನೇ?” ಎಂದರು. ‘ಕುಚಿನೆರೋ’ ಎಂದೆ. ತಾಸು ಬಿಟ್ಟು ಮತ್ತೆ ಕೇಳಿದರು, ‘ಕುಚಿನೆರೋ’ ಎಂದೆ. ಒಲೆಯಲ್ಲಿ ಬೆಂಕಿಯಾದರೂ ಇದೆಯೇ ಎಂದರು, ‘ಸರಾ’ ಎಂದೆ. ತಮ್ಮ ನಿಜವಾದ ರುಚಿ ಅವರಿಗೆ ಹತ್ತಿದ್ದೇ ಆಗ. ದೀಪ ಹಚ್ಚುವ ಹೊತ್ತಿಗೆ ಅಚ್ಚಕನ್ನಡದಲ್ಲಿ, “ನಾಳೆ ಮೊದಲ್ನೇ ಬಸ್ಸಿಗೇ ಹೊರಡಾಣ ಮಾರಾಯ್ತಿ, ಈಗ ಅನ್ನ ಹಾಕು” ಎಂದರು.

ಆದಕಾರಣ, ಇಷ್ಟು ಕಾಲ ಉಂಡ ಮನೆಯ ಋಣ ನೆನೆದು, ನಾಳೆ ನಾವು ಗುಡ್ಡ ಹತ್ತಿ ಇಳಿಯುವ ತನಕ ತಾವು ಕೃಪೆಮಾಡಿ ವರ್ತಮಾನಕಾಲವಾಗಿ ಇರಬೇಕೆಂದು ಸೆರಗೊಡ್ಡಿ ಬೇಡುವ,

ತಮ್ಮ ವಿಶ್ವಾಸಿ,
ಗುತ್ಯಮ್ಮ

ತಾ.ಕ.: ರೊಟ್ಟಿ ಬುತ್ತಿ ಕಟ್ಟಿದ್ದೇನೆ, ಉಡಿ ತುಂಬುವ ಮುಂಚೆ ಬಿಚ್ಚುವುದಿಲ್ಲ. ಅರ್ಧ ಗುಡ್ಡದಲ್ಲಿ ಯಜಮಾನರು ಕೂತುಬಿಟ್ಟು ‘ಸಲಿರೋ’, ಹತ್ತುವೆನು, ಎಂದು ತಮ್ಮನ್ನು ಕೂಗಿದರೆ, ರೊಟ್ಟಿಯನ್ನೂ ತಮ್ಮ ಕಾಲದಲ್ಲೇ ಬಡಿಸುವೆನು.